ಅಲಗಿನ ಹದ

ವಸ್ತುಸಂಗ್ರಹಾಲಯದಲ್ಲಿ ಕತ್ತಿಗಳಿರುವ ಕೋಣೆಗೆ ಬಂದವರು ಮೊದಲು ಕೇಳುವುದು ‘ಇದು ಯಾವ ರಾಜನದು?’ ಎಂದು. ಫಲಕದಲ್ಲಿ ದೊಡ್ಡ ಹೆಸರಿದ್ದರೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಇಲ್ಲದಿದ್ದರೆ ಮುಂದಿನ ಕೋಣೆಯ ದಂತದ ಕುರ್ಚಿಯ ಕಡೆ ನಡೆಯುತ್ತಾರೆ. ನನಗೆ ಆ ಹೆಸರಿಲ್ಲದ ಕತ್ತಿಗಳ ಮೇಲೆಯೇ ಮೋಹ. ರಾಜ ಪಕ್ಕಕ್ಕೆ ಸರಿದರೆ ಕತ್ತಿ ಮಾಡಿದವನು ಎದುರಿಗೆ ಬರುತ್ತಾನೆ. ಕಬ್ಬಿಣ ಎಷ್ಟು ಕಾದಾಗ ನೀರಿಗೆ ಅದ್ದಿದ, ಎಲ್ಲಿ ತೆಳ್ಳಗೆ ತಟ್ಟಿದ, ಯಾವ ಅಳತೆಯ ಕೈಗೆಂದು ಹಿಡಿ ಕೂಡಿಸಿದ ಎಂಬುದೆಲ್ಲ ಲೋಹದಲ್ಲೇ ಉಳಿದಿರುತ್ತದೆ. ನಿಂತು ನೋಡುವ ತಾಳ್ಮೆ ಬೇಕಷ್ಟೆ.

ಕತ್ತಿ ನೋಡುವುದು ನನಗೆ ಬಹುಕಾಲದ ಹುಚ್ಚು. ಕೂಡಿಡುವ ಆಸೆ ಇಲ್ಲ, ಮನೆಯಲ್ಲಿ ಒಂದು ಕತ್ತಿಯೂ ಇಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಹಿಡಿದು ಹೈದರಾಬಾದಿನ ಸಾಲಾರ್ ಜಂಗ್, ಚೆನ್ನೈನ ಎಗ್ಮೋರ್, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಎಂದು ಅಲೆದಿದ್ದೇನೆ. ಗಾಜಿನ ಎದುರು ನೇರ ನಿಂತರೆ ನಮ್ಮ ಮುಖವೇ ಕಾಣುತ್ತದೆ. ಒಂದು ಪಕ್ಕಕ್ಕೆ ಸರಿದು, ಮಂಡಿ ಕೊಂಚ ಬಗ್ಗಿಸಿ, ಮೇಲಿನ ದೀಪದ ಬೆಳಕು ಅಲಗಿನ ಉದ್ದಕ್ಕೂ ಜಾರುವ ಹಾಗೆ ಕಣ್ಣು ಹೊಂದಿಸಿಕೊಳ್ಳಬೇಕು. ಆಗ ದೂರದಿಂದ ಬರೀ ಬೂದು ಪಟ್ಟಿಯಂತಿದ್ದದ್ದು ಬಾಯಿಬಿಡುತ್ತದೆ. ಬೆನ್ನಿನ ದಪ್ಪ ಮೊನೆಯತ್ತ ಹೇಗೆ ಕರಗುತ್ತದೆ, ಎಲ್ಲಿ ಸಾಣೆ ಹೆಚ್ಚು ಹಿಡಿದು ಬಾಯಿ ಸವೆದಿದೆ, ಎಲ್ಲಿ ಇನ್ನೊಂದು ಕತ್ತಿ ಬಡಿದು ಕಚ್ಚು ಬಿದ್ದಿದೆ, ಎಲ್ಲ ಕಾಣತೊಡಗುತ್ತದೆ. ಆ ಕಚ್ಚುಗಳ ಮುಂದೆ ನಾನು ಪೆನ್ಸಿಲ್ ನಿಲ್ಲಿಸುತ್ತೇನೆ. ಕೊಡಲಿಗೆ ಮರ ಕಡಿಯುವ ಕೆಲಸವಿದೆ, ಬಿಲ್ಲಿಗೂ ಈಟಿಗೂ ಬೇಟೆಯಿದೆ, ಚೂರಿಗೆ ಅಡುಗೆಮನೆಯಿದೆ. ಯುದ್ಧದ ಕತ್ತಿಗೆ ಮನುಷ್ಯನ ಮೈಯೊಂದನ್ನು ಬಿಟ್ಟರೆ ಬೇರೆ ಗುರಿಯಿಲ್ಲ. ಇದನ್ನು ಮರೆತು ಕತ್ತಿಯ ಚೆಲುವನ್ನು ಹೊಗಳುವುದು ನನ್ನಿಂದಾಗದು. ಆದರೆ ಅಷ್ಟು ಕ್ರೂರವಾದ ಕೆಲಸಕ್ಕೆ ಮನುಷ್ಯ ತನ್ನ ಅತ್ಯುತ್ತಮ ಲೋಹವಿದ್ಯೆಯನ್ನೆಲ್ಲ ಸುರಿದಿದ್ದಾನೆ ಎಂಬುದೂ ನಿಜ. ಆ ವಿದ್ಯೆಯೇ ನನ್ನನ್ನು ಮತ್ತೆ ಮತ್ತೆ ಆ ಗಾಜಿನ ಮುಂದೆ ತಂದು ನಿಲ್ಲಿಸುತ್ತದೆ.

ಕತ್ತಿಯ ಚರಿತ್ರೆಯನ್ನು ಯುದ್ಧಗಳ ಪಟ್ಟಿಯಾಗಿ ಓದಿದರೆ ನೀರಸ. ಅದರ ಒಳಗಿರುವುದು ಒಂದೇ ಒಂದು ಜಗಳ, ಗಡಸಿಗೂ ಮೆದುವಿಗೂ ನಡುವಿನ ಜಗಳ. ಅದನ್ನು ನಾನು ಮೊದಲು ಕೇಳಿಸಿಕೊಂಡದ್ದು ನಮ್ಮೂರ ಕುಲುಮೆಯಲ್ಲಿ. ಸುಗ್ಗಿಗೆ ಮುಂಚೆ ಅಪ್ಪ ಕುಡುಗೋಲು ಹಣಿಸಲು ಹೋದಾಗ ನಾನೂ ಜೊತೆಗಿದ್ದೆ.

“ಆಚಾರ್ರೆ, ಹೋದ ಸಲ ಬಾಯಿ ಬೇಗ ಮೊಂಡಾಯ್ತು. ಈ ಸಲ ಚೆನ್ನಾಗಿ ಗಡಸು ಮಾಡಿ.”

“ಗಡಸು ಮಾಡೋದೇನು ಕಷ್ಟ ಅಲ್ಲ ಯಜಮಾನ್ರೆ. ಕಲ್ಲಿಗೆ ತಾಕಿದ್ರೆ ಎರಡು ತುಂಡಾಗಿ ಮನೆಗೆ ಬರುತ್ತೆ, ಆಮೇಲೆ ನನ್ನ ಬೈಬಾರದು.”

ಆಚಾರ್ರು ಕೆಂಪಗೆ ಕಾದ ಕುಡುಗೋಲಿನ ಬಾಯಿಯನ್ನಷ್ಟೇ ನೀರಿಗೆ ಮುಟ್ಟಿಸಿ ತೆಗೆದರು. ಮುರುಕು ಸಾಣೆಕಲ್ಲಿನಿಂದ ಕರಿಯನ್ನು ಉಜ್ಜಿ ಒಂದು ಗೆರೆ ಬೆಳ್ಳಗೆ ಮಾಡಿಕೊಂಡು ಕಾದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ನಿಧಾನ ಬಾಯಿಯ ಕಡೆ ಹರಿದು ಬರುವಾಗ ಆ ಬಿಳಿ ಗೆರೆಯ ಮೇಲೆ ಬಣ್ಣಗಳು ಓಡಿದವು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಅದರ ಬೆನ್ನಿಗೇ ನೇರಳೆ. ನೇರಳೆ ಬಾಯಂಚಿಗೆ ಮುಟ್ಟುತ್ತಿದ್ದ ಹಾಗೆ ಇಡೀ ಕುಡುಗೋಲನ್ನು ನೀರಿಗೆ ಮುಳುಗಿಸಿದರು. ಒಂದು ಕ್ಷಣ ಮುಂಚೆ ಮುಳುಗಿಸಿದರೆ ಗಾಜಿನಂತೆ ಸಿಡಿಯುತ್ತದೆ, ತಡವಾದರೆ ಮೆತ್ತಗಾಗಿ ಬಾಯಿ ಮಡಚುತ್ತದೆ. ಹದ ಎಂದರೆ ಅದು. ಕುಡುಗೋಲಿನ ಒಂದು ಗೇಣು ಉಕ್ಕಿಗೆ ಹದ ಹಿಡಿಯುವುದೇ ಇಷ್ಟು ಕಷ್ಟವಾದರೆ ಎರಡು ಮೊಳದ ಕತ್ತಿಗೆ ಹಿಡಿಯುವುದು ಎಂಥದ್ದು ಎಂದು ಯೋಚಿಸಿ. ಉದ್ದವಾದಷ್ಟೂ ಲೋಹ ಮುರಿಯಲು ಹವಣಿಸುತ್ತದೆ, ತೆಳ್ಳಗಾದಷ್ಟೂ ಬಾಗಲು ಹವಣಿಸುತ್ತದೆ. ಪ್ರಪಂಚದ ಕಮ್ಮಾರರೆಲ್ಲ ಸಾವಿರಾರು ವರ್ಷ ಹೆಣಗಿದ್ದು ಈ ಎರಡರ ನಡುವೆ.

ಹೆಣಗಾಟ ಶುರುವಾದದ್ದು ಕಬ್ಬಿಣಕ್ಕಿಂತ ಬಹಳ ಹಿಂದೆ. ಟರ್ಕಿಯ ಪೂರ್ವಭಾಗದ ಅರ್ಸ್ಲಾನ್‌ತೆಪೆ ಎಂಬ ದಿಬ್ಬದಲ್ಲಿ ಸಿಕ್ಕ ಒಂಬತ್ತು ಕತ್ತಿಗಳು ಕ್ರಿ.ಪೂ. 3000ಕ್ಕಿಂತ ಹಳೆಯವು, ಜಗತ್ತಿನ ಮೊದಲ ಕತ್ತಿಗಳೆಂದು ಅವುಗಳ ಹೆಸರೇ ಬರುತ್ತದೆ. ಆರ್ಸೆನಿಕ್ ಬೆರೆತ ತಾಮ್ರ, ಮೊಳಕ್ಕಿಂತ ತುಸು ಹೆಚ್ಚಿನ ಉದ್ದ. ಕೆಲವಕ್ಕೆ ಹಿಡಿಯ ಮೇಲೆ ಬೆಳ್ಳಿಯ ಕುಸುರಿಯಿದೆ. ಅಲಂಕಾರ ಕತ್ತಿಯ ಜೊತೆಗೇ ಹುಟ್ಟಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತಾಮ್ರಕ್ಕೆ ತವರ ಕೂಡಿ ಕಂಚಾದ ಮೇಲೆ ಅಲಗು ಗಟ್ಟಿಯಾಯಿತು. ಆದರೆ ತವರ ಹೆಚ್ಚಿದಷ್ಟೂ ಕಂಚು ಗಡಸಾಗಿ ಒಡೆಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ಅದೇ ಜಗಳ.

ಚೀನಾದವರು ಇದಕ್ಕೆ ಕಂಡುಕೊಂಡ ಉತ್ತರ 1965ರಲ್ಲಿ ಹುಬೈ ಪ್ರಾಂತದ ಒಂದು ಗೋರಿಯಲ್ಲಿ ಒರೆಯ ಸಮೇತ ಸಿಕ್ಕಿತು. ಯುಎ ರಾಜ್ಯದ ದೊರೆ ಗೌಜಿಯನ್‌ನ ಕತ್ತಿ, ಕ್ರಿ.ಪೂ. ಐದನೆಯ ಶತಮಾನದ್ದು, 55.7 ಸೆಂಟಿಮೀಟರ್ ಉದ್ದ. ಹಕ್ಕಿಯ ಆಕಾರಕ್ಕೆ ಎಳೆದ ಎಂಟು ಅಕ್ಷರಗಳು ಅದರ ಮೇಲಿವೆ. ಎರಡು ಸಾವಿರದ ನಾನೂರು ವರ್ಷ ಮಣ್ಣಿನಡಿ ಇದ್ದು ಹೊರಬಂದಾಗಲೂ ಅದರ ಬಾಯಿ ಹರಿತವಾಗಿತ್ತು. ಪರೀಕ್ಷಿಸಿದವರಿಗೆ ಕಂಡದ್ದು ನಡುವಿನಲ್ಲಿ ತಾಮ್ರ ಹೆಚ್ಚು, ಅಂಚಿನಲ್ಲಿ ತವರ ಹೆಚ್ಚು ಎಂಬುದು. ಅಂದರೆ ಪೆಟ್ಟು ತಡೆಯುವ ಬೆನ್ನೆಲುಬು ಬೇರೆ, ಕೊಯ್ಯುವ ಬಾಯಿ ಬೇರೆ, ಎರಡನ್ನೂ ಒಂದೇ ಕತ್ತಿಯಲ್ಲಿ ಕೂಡಿಸಿದ್ದ ಆ ಹೆಸರು ತಿಳಿಯದ ಎರಕದವನು. ದೊರೆಯ ಹೆಸರು ಅಲಗಿನ ಮೇಲಿದೆ. ನನ್ನ ನಮಸ್ಕಾರ ಆ ಎರಕದವನಿಗೆ.

ಕಬ್ಬಿಣ ಬಂದ ಕೂಡಲೇ ಕಂಚು ಸೋತಿತು ಎಂದು ಶಾಲೆಯಲ್ಲಿ ಓದುತ್ತೇವೆ. ಆದರೆ ಮೊದಮೊದಲ ಕಬ್ಬಿಣ ಒಳ್ಳೆಯ ಕಂಚಿಗಿಂತ ಮೇಲೇನೂ ಆಗಿರಲಿಲ್ಲ. ಗಾಲ್ ಜನರ ಕತ್ತಿಗಳು ಮೊದಲ ಹೊಡೆತಕ್ಕೇ ಬಾಗುತ್ತಿದ್ದವು, ಅವರು ನೆಲಕ್ಕೂರಿ ಕಾಲಿನಿಂದ ಒತ್ತಿ ನೆಟ್ಟಗೆ ಮಾಡಿಕೊಳ್ಳಬೇಕಿತ್ತು ಎಂದು ಗ್ರೀಕ್ ಚರಿತ್ರೆಕಾರ ಪೊಲಿಬಿಯಸ್ ಬರೆದಿದ್ದಾನೆ. ರೋಮಿನ ಎದುರಾಳಿಯ ಬಗ್ಗೆ ಬರೆದದ್ದು, ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಕಬ್ಬಿಣ ಗೆದ್ದದ್ದು ಎಲ್ಲೆಂದರಲ್ಲಿ ಸಿಗುತ್ತದೆ ಎಂಬ ಕಾರಣಕ್ಕೆ. ಅದು ಉಕ್ಕಾಗಬೇಕಾದರೆ ಇಂಗಾಲ ಒಳಗೆ ಸೇರಬೇಕು, ಸೇರಿದ್ದು ಎಲ್ಲ ಕಡೆ ಸಮನಾಗಿರಬೇಕು. ಅದು ಕೈಗೆ ಹತ್ತಲು ಶತಮಾನಗಳೇ ಹಿಡಿದವು.

ಉತ್ತರ ಯುರೋಪಿನ ಕಮ್ಮಾರರು ಹಿಡಿದ ದಾರಿ ನೋಡಲು ಬಲು ಚೆಂದ. ಮೆದು ಕಬ್ಬಿಣದ್ದೊಂದು, ಉಕ್ಕಿನದ್ದೊಂದು ಎಂದು ಸಣ್ಣ ಸಣ್ಣ ಸರಳು ಮಾಡಿಕೊಂಡು, ಒಟ್ಟಿಗೆ ಕಾಯಿಸಿ, ಹಗ್ಗ ಹೊಸೆದ ಹಾಗೆ ತಿರುಚಿ, ಅಂಥ ಹಲವು ಹೊಸೆತಗಳನ್ನು ಪಕ್ಕಪಕ್ಕ ಇಟ್ಟು ಬೆಸೆದು ಅಲಗಿನ ನಡುಭಾಗ ಮಾಡುತ್ತಿದ್ದರು. ಎರಡೂ ಬದಿಗೆ ಗಡಸು ಉಕ್ಕಿನ ಬಾಯಿ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ದಿಬ್ಬದಲ್ಲಿ ಸಿಕ್ಕ ಏಳನೆಯ ಶತಮಾನದ ಕತ್ತಿ ಇಂಥದ್ದು. ಅದು ಈಗ ತುಕ್ಕಿನ ಮುದ್ದೆ, ಒರೆಗೆ ಅಂಟಿಕೊಂಡೇ ಇದೆ. ಆದರೆ ಎಕ್ಸ್‌ರೇ ಚಿತ್ರದಲ್ಲಿ ಒಳಗಿನ ಹೊಸೆತದ ಗೆರೆಗಳು ಹಾಗೆಯೇ ಇವೆ. ಎರಡು ಶತಮಾನಗಳ ಆಚೆಗೆ, ಒಂಬತ್ತರಿಂದ ಹನ್ನೊಂದನೆಯ ಶತಮಾನದವರೆಗಿನ ಸುಮಾರು 170 ಕತ್ತಿಗಳ ಅಲಗಿನ ಮೇಲೆ ‘ಉಲ್ಫ್‌ಬೆರ್ಟ್’ ಎಂಬ ಹೆಸರು ಕೂಡಿಸಿದ್ದು ಸಿಕ್ಕಿದೆ. ಅವುಗಳಲ್ಲಿ ಕೆಲವು ಬಹಳ ಮೇಲಾದ ಉಕ್ಕು, ಕೆಲವು ತೀರಾ ಸಾಧಾರಣ ಕಬ್ಬಿಣ, ಹೆಸರಿನ ಕಾಗುಣಿತವೂ ಹೆಚ್ಚುಕಡಿಮೆ. ಒಳ್ಳೆಯ ಹೆಸರನ್ನು ಕದ್ದು ಕಳಪೆ ಮಾಲು ಮಾರುವ ವ್ಯಾಪಾರ ಆಗಲೇ ಇತ್ತು. ಯುದ್ಧದ ನಡುವೆ ಅಂಥ ಕತ್ತಿ ಎರಡು ತುಂಡಾದವನ ಗತಿ ಏನಾಗಿರಬಹುದು ಎಂದು ನೆನೆದರೆ ಆ ಮೋಸದ ಮೇಲೆ ಇಂದಿಗೂ ಸಿಟ್ಟು ಬರುತ್ತದೆ.

ಜಪಾನಿನ ಕತ್ತಿಯ ಬಗ್ಗೆ ಸಿನಿಮಾಗಳು ಹೇಳಿರುವ ಕಥೆ ಸಾಕಷ್ಟಿದೆ. ಅದನ್ನೆಲ್ಲ ಬದಿಗಿಟ್ಟರೂ ಆ ಕೆಲಸದ ಮುಂದೆ ಮೂಕನಾಗುತ್ತೇನೆ. ಅವರಿಗೆ ಸಿಕ್ಕಿದ್ದು ಕಬ್ಬಿಣದ ಮರಳು. ಅದನ್ನು ತತಾರಾ ಎಂಬ ಮಣ್ಣಿನ ಒಲೆಗೆ ಇದ್ದಿಲಿನ ಜೊತೆ ಸುರಿದು ಮೂರು ಹಗಲು ಮೂರು ರಾತ್ರಿ ತಿದಿ ಒತ್ತುತ್ತಾರೆ, ಕೊನೆಗೆ ಒಲೆಯನ್ನೇ ಒಡೆದು ಉಕ್ಕಿನ ಗಟ್ಟಿಯನ್ನು ಹೊರಗೆಳೆಯುತ್ತಾರೆ. ಶಿಮಾನೆ ಪ್ರಾಂತದ ಒಕುಇಜುಮೊದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ ಅಂಥ ಒಲೆಯಿಂದಲೇ ಇಂದಿನ ಜಪಾನಿ ಕಮ್ಮಾರರಿಗೆ ಉಕ್ಕು ಸಿಗುವುದು. ಆ ಉಕ್ಕನ್ನು ತಟ್ಟಿ, ಮಡಚಿ, ಮತ್ತೆ ತಟ್ಟಿ ಕೊಳೆ ಕಳೆಯುತ್ತಾರೆ. ಗಡಸು ಉಕ್ಕಿನ ಕವಚದೊಳಗೆ ಮೆದು ಉಕ್ಕಿನ ತಿರುಳನ್ನು ಇಟ್ಟು ಬೆಸೆಯುತ್ತಾರೆ.

ಆಮೇಲೆ ಬರುವುದು ನನಗೆ ಅತ್ಯಂತ ಪ್ರಿಯವಾದ ಘಟ್ಟ. ಸಿದ್ಧವಾದ ಅಲಗಿಗೆ ಮಣ್ಣು ಮೆತ್ತುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತೆಳು ಮಣ್ಣಿನ ಬಾಯಿ ತಟ್ಟನೆ ತಣಿದು ಗಡಸಾಗುತ್ತದೆ, ದಪ್ಪ ಮಣ್ಣಿನ ಬೆನ್ನು ನಿಧಾನ ತಣಿದು ಮೆದುವಾಗಿ ಉಳಿಯುತ್ತದೆ. ಗಡಸಾದ ಉಕ್ಕು ಕೊಂಚ ಹಿಗ್ಗುತ್ತದೆ. ಹಾಗಾಗಿ ಅಲಗು ನೀರಿನೊಳಗೇ ಬೆನ್ನಿನ ಕಡೆಗೆ ಬಾಗುತ್ತದೆ. ನಾವು ಮೆಚ್ಚುವ ಆ ಬಾಗಿನ ಬಹುಪಾಲು ನೀರು ಕೊಟ್ಟದ್ದು. ಅದೇ ಕ್ಷಣದಲ್ಲಿ ಬಿರುಕು ಬಿಟ್ಟರೆ ತಿಂಗಳುಗಳ ಕೆಲಸ ಮುಗಿದಂತೆ. ಗಡಸೂ ಮೆದುವೂ ಸೇರುವ ಗಡಿ ಅಲಗಿನ ಉದ್ದಕ್ಕೂ ಒಂದು ಬೆಳ್ಳನೆಯ ಅಲೆಗೆರೆಯಾಗಿ ನಿಲ್ಲುತ್ತದೆ. ಅದನ್ನು ಕಣ್ಣಿಗೆ ಕಾಣಿಸಲು ಸಾಣೆ ಹಿಡಿಯುವ ಬೇರೆ ಕುಶಲಿಗಳಿದ್ದಾರೆ, ಒಂದರ ಮೇಲೊಂದು ನುಣುಪಾದ ಕಲ್ಲುಗಳಲ್ಲಿ ವಾರಗಟ್ಟಲೆ ಉಜ್ಜುವುದು ಅವರ ಕಸುಬು. ಕಮ್ಮಾರ ತನ್ನ ಹೆಸರು ಕೆತ್ತುವುದು ಹಿಡಿಯ ಒಳಗೆ ಹುದುಗುವ ಭಾಗದಲ್ಲಿ. ಆ ಭಾಗದ ತುಕ್ಕನ್ನು ಮಾತ್ರ ಯಾರೂ ಉಜ್ಜುವುದಿಲ್ಲ, ತುಕ್ಕಿನ ಬಣ್ಣ ನೋಡಿಯೇ ಬಲ್ಲವರು ಕತ್ತಿಯ ವಯಸ್ಸು ಹೇಳುತ್ತಾರೆ. 1876ರ ಸರ್ಕಾರಿ ಆಜ್ಞೆ ಸಮುರಾಯ್‌ಗಳ ಸೊಂಟದಿಂದ ಕತ್ತಿಯನ್ನು ಇಳಿಸಿತು. ಆದರೂ ವಿದ್ಯೆ ಉಳಿಯಿತು. ಏಕೆಂದರೆ ಅಲ್ಲಿ ನೋಡುವ ಕಣ್ಣುಗಳು ಉಳಿದಿದ್ದವು.

ಇಷ್ಟೆಲ್ಲ ಕಡೆ ಕಮ್ಮಾರರು ಮಾಡಿದ್ದು ಎರಡು ಬಗೆಯ ಲೋಹವನ್ನು ಜೋಡಿಸುವುದು, ಅಥವಾ ಒಂದೇ ಅಲಗನ್ನು ಎರಡು ಬಗೆಯಲ್ಲಿ ತಣಿಸುವುದು. ದಕ್ಷಿಣ ಭಾರತದವರು ಗಡಸನ್ನೂ ಮೆದುವನ್ನೂ ಒಂದೇ ಗಟ್ಟಿಯೊಳಗೆ ಹುಟ್ಟಿಸಿದರು. ಕಬ್ಬಿಣದ ಚೂರುಗಳನ್ನು ಸಣ್ಣ ಮಣ್ಣಿನ ಮೂಸೆಗೆ ತುಂಬಿ, ತಂಗಡಿ ಗಿಡದ ಒಣಕಡ್ಡಿ ಮತ್ತು ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಇಂಥ ಹಲವು ಮೂಸೆಗಳನ್ನು ಒಲೆಯಲ್ಲಿ ಒಟ್ಟಿ ಗಂಟೆಗಟ್ಟಲೆ ತಿದಿ ಒತ್ತುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಕರಗುತ್ತಿತ್ತು. ಆಮೇಲೆ ಅವಸರವಿಲ್ಲದೆ ತಣಿಯಲು ಬಿಟ್ಟು, ಮೂಸೆ ಒಡೆದರೆ ಅಂಗೈಯಗಲದ ಉಕ್ಕಿನ ಗಟ್ಟಿ. ಅದರಲ್ಲಿ ಇಂಗಾಲ ನೂರಕ್ಕೆ ಸುಮಾರು ಒಂದೂವರೆ ಪಾಲು, ಸಾಮಾನ್ಯ ಉಕ್ಕಿಗಿಂತ ಬಹಳ ಹೆಚ್ಚು. ಅಷ್ಟು ಇಂಗಾಲವಿರುವ ಉಕ್ಕನ್ನು ಜೋರಾಗಿ ಕಾಯಿಸಿ ತಟ್ಟಿದರೆ ಪುಡಿಯಾಗುತ್ತದೆ. ಮಂದ ಕೆಂಪಿನಲ್ಲಿ, ಮತ್ತೆ ಮತ್ತೆ, ಪುಸಲಾಯಿಸಿ ತಟ್ಟಬೇಕು. ಹಾಗೆ ತಟ್ಟುತ್ತ ಹೋದಂತೆ ಒಳಗಿನ ಗಡಸು ಕಣಗಳು ಮೆದು ಉಕ್ಕಿನ ನಡುವೆ ಸಾಲುಗಟ್ಟಿ ಕೂರುತ್ತವೆ. ಅಲಗು ಮುಗಿದ ಮೇಲೆ ಹುಳಿ ಸವರಿದರೆ ಆ ಸಾಲುಗಳು ಮೇಲೆದ್ದು ಕಾಣುತ್ತವೆ.

ಸಾಲಾರ್ ಜಂಗ್‌ನಲ್ಲಿ ಅಂಥ ಒಂದು ಅಲಗಿನ ಮುಂದೆ ಪಕ್ಕಕ್ಕೆ ಬಗ್ಗಿ ನಿಂತಾಗ ಕಂಡದ್ದನ್ನು ಹೇಳಬೇಕು. ನೇರ ನೋಡಿದರೆ ಕಪ್ಪು ಬೂದು. ಬೆಳಕು ಜಾರಿದೊಡನೆ ಹಲಸಿನ ಹಲಗೆಗೆ ಆಗತಾನೆ ರಂದ ಹೊಡೆದ ಹಾಗೆ ಮೈತುಂಬ ಸೂಕ್ಷ್ಮವಾದ ನಾರು, ಒಂದು ಕಡೆ ಗುಂಪುಗೂಡಿ, ಇನ್ನೊಂದು ಕಡೆ ಬಿಡಿಸಿಕೊಂಡು ಮೊನೆಯವರೆಗೆ ಹರಿದಿತ್ತು. ಕೆಲವು ಪರ್ಷಿಯನ್ ಅಲಗುಗಳಲ್ಲಿ ಈ ನಾರಿನ ಮೇಲೆ ಅಡ್ಡಡ್ಡ ಮೆಟ್ಟಿಲುಗಳೂ ಮೂಡಿರುತ್ತವೆ. ಅವಕ್ಕೆ ‘ನಲವತ್ತು ಮೆಟ್ಟಿಲು’ ಎಂದೇ ಹೆಸರು. ಆ ನಾರನ್ನು ಮಾತ್ರ ಯಾರೂ ಕೆತ್ತಿದ್ದಲ್ಲ, ಬಣ್ಣ ಹಚ್ಚಿದ್ದಲ್ಲ. ಒಳಗಿನ ಹದವೇ ಹೊರಗೆ ಚಿತ್ತಾರವಾಗಿದೆ.

ಡಮಾಸ್ಕಸ್ ಕತ್ತಿ ಎಂದು ಲೋಕವೆಲ್ಲ ಕೊಂಡಾಡಿದ ಅಲಗುಗಳಲ್ಲಿ ಎಷ್ಟೋ ಈ ಉಕ್ಕಿನವು. ತೆಲಂಗಾಣದ ಕೋನಸಮುದ್ರಕ್ಕೆ ಇಸ್ಫಹಾನಿನ ವ್ಯಾಪಾರಿಗಳು ಬಂದು ಕೂತು ಗಟ್ಟಿಗಳನ್ನು ಆರಿಸಿ ಕೊಂಡೊಯ್ಯುತ್ತಿದ್ದರು. ನಮ್ಮ ಮೈಸೂರು ಸೀಮೆಯಲ್ಲೂ ಇಂಥ ಒಲೆಗಳಿದ್ದವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣದ ಒಲೆಗಳನ್ನೂ ಉಕ್ಕಿನ ಮೂಸೆಗಳನ್ನೂ ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಬರಹದಲ್ಲಿ ನನ್ನ ಮನಸ್ಸು ನಿಲ್ಲುವುದು ಚನ್ನಪಟ್ಟಣದ ಪುಟದಲ್ಲಿ. ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದರಲ್ಲಿ ಹೆಸರಾದ ಮನೆತನವೊಂದು ಅಲ್ಲಿತ್ತು, ಅವರ ತಂತಿ ದೂರದೂರದ ಊರುಗಳಿಗೆ ಹೋಗುತ್ತಿತ್ತು. ಕತ್ತಿಗೆ ಹದವಾದ ಉಕ್ಕು ತಂತಿಗೂ ಹದವಾಗಿ ಯಾರದೋ ಮನೆಯ ವಾದ್ಯದಲ್ಲಿ ನುಡಿಯುತ್ತಿತ್ತು. ಬೊಂಬೆಗಳ ಊರೆಂದು ಚನ್ನಪಟ್ಟಣವನ್ನು ಬಲ್ಲ ನಾವು ಇದನ್ನೂ ಮಕ್ಕಳಿಗೆ ಹೇಳಬೇಕು.

ಈ ಉಕ್ಕಿನ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ತಲೆಕೆಡಿಸಿಕೊಂಡ. ವಿದ್ಯುತ್ತಿನ ಫ್ಯಾರಡೆಯೇ. ಕಮ್ಮಾರನ ಮಗನಾದ ಆತ 1819ರಿಂದ ಕೆಲವು ವರ್ಷ ಭಾರತದ ಉಕ್ಕಿನ ಮೇಲೆ ಪ್ರಯೋಗ ನಡೆಸಿದ, ಗುಟ್ಟು ಪೂರ್ತಿ ಕೈಗೆ ಬರಲಿಲ್ಲ. ಅಮೆರಿಕದ ಲೋಹಶಾಸ್ತ್ರಜ್ಞ ಜಾನ್ ವೆರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಸೇರಿ 1990ರ ದಶಕದಲ್ಲಿ ಆ ಚಿತ್ತಾರವನ್ನು ಮತ್ತೆ ಮೂಡಿಸಿದರು. ಅದಿರಿನಲ್ಲಿ ವೆನೇಡಿಯಂ ತೀರಾ ಅಲ್ಪ ಪ್ರಮಾಣದಲ್ಲಿ ಇದ್ದರೆ ಸಾಕು, ಗಡಸು ಕಣಗಳು ಸಾಲುಗಟ್ಟುತ್ತವೆ ಎಂದು ತೋರಿಸಿದರು. ಅಷ್ಟು ಹೊತ್ತಿಗೆ ನಮ್ಮ ಒಲೆಗಳು ಆರಿ ಹೆಚ್ಚುಕಡಿಮೆ ನೂರು ವರ್ಷವಾಗಿತ್ತು. ಇಂಗ್ಲೆಂಡಿನ ಅಗ್ಗದ ಉಕ್ಕು ಬಂತು, ಇದ್ದಿಲಿಗೆ ಬೇಕಾದ ಕಾಡು ಸರ್ಕಾರದ್ದಾಯಿತು, 1878ರ ಆಯುಧ ಕಾಯ್ದೆ ಬಂತು. ಕೊಳ್ಳುವವರಿಲ್ಲದ ಮೇಲೆ ಮೂಸೆಯ ಮಣ್ಣು ಕಲಸುವುದು ಯಾರಿಗಾಗಿ? ತಲೆಮಾರುಗಳು ಕೈಯಿಂದ ಕೈಗೆ ದಾಟಿಸಿದ ವಿದ್ಯೆ ಹೀಗೆ ಸದ್ದಿಲ್ಲದೆ ಹೋಯಿತು. ಜಪಾನಿಗೆ ಉಳಿದದ್ದು ನಮಗೆ ಉಳಿಯಲಿಲ್ಲ ಎಂಬ ನೋವು ನನ್ನಲ್ಲಿ ಹಾಗೇ ಇದೆ.

ಉಕ್ಕಿನಷ್ಟೇ ಮಾತಾಡುವ ಇನ್ನೊಂದು ಭಾಗ ಹಿಡಿ. ನಮ್ಮ ತಲ್ವಾರಿನ ಹಿಡಿಯ ಚಿತ್ರ ಬರೆಯುವಾಗೆಲ್ಲ ಅದು ಇಷ್ಟು ಕಿರಿದೇ ಎಂದು ಅಚ್ಚರಿಯಾಗುತ್ತದೆ. ಅದರ ತುದಿಗೆ ತಟ್ಟೆಯಂಥ ಅಗಲ ಬಿಲ್ಲೆ. ಆಗಿನವರ ಕೈ ಚಿಕ್ಕದಾಗಿತ್ತು ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಬೆರಳುಗಳನ್ನು ಇಕ್ಕಟ್ಟಾಗಿ ಕೂಡಿಸಿ, ಬಿಲ್ಲೆ ಮಣಿಕಟ್ಟಿಗೆ ಒತ್ತುವ ಹಾಗೆ ಮಾಡಿದರೆ ಮಣಿಕಟ್ಟು ಮುಂದಕ್ಕೆ ಚಾಚಿ ಚುಚ್ಚಲು ಬರುವುದಿಲ್ಲ, ತೋಳಿನಿಂದ ಎಳೆದು ಕೊಯ್ಯಲಷ್ಟೇ ಬರುತ್ತದೆ. ಕುದುರೆಯ ಮೇಲೆ ವೇಗವಾಗಿ ದಾಟುವ ಸವಾರನಿಗೆ ಬೇಕಾದದ್ದೂ ಅದೇ. ಬಾಗಿದ ಅಲಗು ಸಿಕ್ಕಿಕೊಳ್ಳದೆ ಜಾರುತ್ತ ಕೊಯ್ಯುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲಿನ ಸವಾರರಿಂದ ಹೊರಟ ಈ ಬಾಗು ಪರ್ಷಿಯದ ಶಂಶೀರ್, ತುರ್ಕರ ಕಿಲಿಜ್, ನಮ್ಮ ತಲ್ವಾರ್ ಎಂದು ಬೇರೆ ಬೇರೆ ಮೈ ತಾಳಿತು. ರೋಮಿನ ಕಾಲಾಳು ದೊಡ್ಡ ಗುರಾಣಿಯ ಮರೆಯಿಂದ ಚುಚ್ಚುವವನು, ಅವನ ಗ್ಲಾಡಿಯಸ್ ನೇರ, ಗಿಡ್ಡ, ಇಬ್ಬಾಯಿಯದು. ಹದಿನಾರನೆಯ ಶತಮಾನದ ಇಟಲಿ, ಸ್ಪೇನಿನ ರೇಪಿಯರ್ ಬಡಕಲು ಮತ್ತು ನೀಳ. ಹಿಡಿಯ ಸುತ್ತ ಬಳ್ಳಿಯಂತೆ ಹಬ್ಬಿದ ಉಕ್ಕಿನ ಕಂಬಿಗಳು, ಏಕೆಂದರೆ ಅದನ್ನು ಹಿಡಿದವನ ಕೈಗೆ ಲೋಹದ ಕೈಗವಸಿಲ್ಲ, ಅವನು ಪೇಟೆಯ ಬೀದಿಯಲ್ಲಿ ನಡೆಯುವವನು. ಹಿಡಿಯೊಂದನ್ನೇ ತೋರಿಸಿದರೂ ಕತ್ತಿ ಹಿಡಿದವನು ಕುದುರೆಯ ಮೇಲಿದ್ದನೋ ನೆಲದ ಮೇಲೋ, ಕವಚ ತೊಟ್ಟಿದ್ದನೋ ಇಲ್ಲವೋ ಬಹುಮಟ್ಟಿಗೆ ಹೇಳಬಹುದು.

ಯುರೋಪಿನ ಮಧ್ಯಯುಗದ ಕತ್ತಿ ಎತ್ತಲೂ ಆಗದಷ್ಟು ಭಾರ ಎಂಬ ಮಾತು ಈಗಲೂ ಕೇಳಿಬರುತ್ತದೆ. ಒಂದು ಕೈಯಲ್ಲಿ ಹಿಡಿಯುವ ಕತ್ತಿ ಒಂದು ಕಿಲೋ, ಇಲ್ಲವೇ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಭಾರವಿದ್ದರೆ ಎರಡನೇ ಬೀಸಿಗೆ ಕೈ ಸೋಲುತ್ತದೆ, ಮೂರನೆಯದು ಎದುರಾಳಿಯದು. ಕತ್ತಿವರಸೆಯೂ ಕಲಿಸಿ ಕಲಿಯುವ ವಿದ್ಯೆಯಾಗಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ, ಹದಿನಾಲ್ಕನೆಯ ಶತಮಾನದ ಮೊದಲ ಭಾಗದ ಹಸ್ತಪ್ರತಿಯಲ್ಲಿ ಪಾದ್ರಿಯೊಬ್ಬರು ಶಿಷ್ಯನಿಗೆ ಕತ್ತಿ ಮತ್ತು ಪುಟ್ಟ ಗುರಾಣಿಯ ಪಟ್ಟುಗಳನ್ನು ಹೇಳಿಕೊಡುವ ಬಣ್ಣದ ಚಿತ್ರಗಳಿವೆ. ಕೊನೆಯ ಹಾಳೆಗಳಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸು ಉದ್ದ ಉಡುಗೆ ತೊಟ್ಟು, ಅದೇ ನಿಲುವಿನಲ್ಲಿ ಕತ್ತಿ ಹಿಡಿದು ನಿಂತಿದ್ದಾಳೆ. ಅವಳು ಪಾದ ಇಟ್ಟಿರುವ ರೀತಿ ನೋಡಿದರೆ ಚಿತ್ರಕಾರ ಕತ್ತಿವರಸೆ ಬಲ್ಲವನೇ ಇರಬೇಕು ಅನ್ನಿಸುತ್ತದೆ.

ಕತ್ತಿಗಳಿಗೆ ದೇಶದ ಗಡಿಯೆಂಬುದು ಇರಲೇ ಇಲ್ಲ. ಜರ್ಮನಿಯ ಸೋಲಿಂಗನ್ ಪಟ್ಟಣದ ಅಲಗುಗಳು ಹಡಗೇರಿ ಹೊರಟು ಸುಡಾನಿನಲ್ಲಿ ಕಸ್ಕರಾ, ಸಹಾರಾದ ತುವಾರೆಗ್ ಜನರಲ್ಲಿ ತಕೂಬಾ ಆದವು. ನಮ್ಮ ದಖ್ಖನ್ನಿನಲ್ಲಿ ಅವಕ್ಕೆ ಖಾಂಡಾ ಎಂಬ ಇಲ್ಲಿಯ ಕತ್ತಿಯ ಹಿಡಿ ಕೂಡಿಸಿ ಫಿರಂಗಿ ಎಂದು ಕರೆದರು. ನಮ್ಮ ಉಕ್ಕು ಪರ್ಷಿಯಕ್ಕೆ ಹೋಗುತ್ತಿತ್ತು, ಪರ್ಷಿಯದ ಅಲಗು ತಿರುಗಿ ನಮ್ಮ ನವಾಬರ ಸೊಂಟಕ್ಕೆ ಬರುತ್ತಿತ್ತು. 2023ರ ಮೇ 23ರಂದು ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೂ ಮಿಕ್ಕಿ ಬೆಲೆಗೆ ಹೋದ ಟಿಪ್ಪುವಿನ ಶಯನಗೃಹದ ಕತ್ತಿಯನ್ನೇ ನೋಡಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಸೇನಾನಿ ಡೇವಿಡ್ ಬೇರ್ಡ್‌ಗೆ ಕೊಟ್ಟದ್ದು ಅದು. ಅದರ ಅಲಗು ಜರ್ಮನ್ ಮಾದರಿಯದು, ಮಾಡಿದವರು ಇಲ್ಲಿಯ ಕಮ್ಮಾರರು, ಹಿಡಿಯ ಮೇಲಿನ ಚಿನ್ನದ ಬರಹ ದೇವರ ಗುಣಗಳನ್ನು ಹೇಳುತ್ತದೆ. ಪತ್ರಿಕೆಗಳು ಬೆಲೆಯನ್ನು ದಪ್ಪಕ್ಷರದಲ್ಲಿ ಹಾಕಿದವು. ದೂರದ ನಾಡಿನ ಮಾದರಿಯೂ ಇಲ್ಲಿಯ ಕೈಕೆಲಸವೂ ಒಂದೇ ಕತ್ತಿಯಲ್ಲಿ ಕೂಡಿದ್ದರ ಬಗ್ಗೆ ಬರೆದದ್ದು ಕಡಿಮೆ.

ಗಾಜಿನಾಚೆ ಅಲ್ಲದೆ, ಕೈಗೆಟುಕುವಷ್ಟು ಹತ್ತಿರದಲ್ಲಿ ನಾನು ಕತ್ತಿಯ ಕೆಲಸ ನೋಡಿದ್ದು ಕೊಡಗಿನ ಒಂದು ಮದುವೆಯಲ್ಲಿ. ನೆಲಕ್ಕೆ ನೆಟ್ಟ ಬಾಳೆ ದಿಂಡುಗಳನ್ನು ಒಡಿಕತ್ತಿಯಿಂದ ಕಡಿಯುವ ಶಾಸ್ತ್ರ ಅಲ್ಲಿದೆ. ಕೊಡವರ ನಿಲುವಂಗಿ ಕುಪ್ಯ ತೊಟ್ಟ ಹಿರಿಯರೊಬ್ಬರು ಕತ್ತಿ ಬೀಸಿದರು. ಸದ್ದು ಬಹಳ ಸಣ್ಣದು, ದಿಂಡು ಒಂದು ಗಳಿಗೆ ಹಾಗೇ ನಿಂತಿದ್ದು ಆಮೇಲೆ ಮೇಲ್ಭಾಗ ಜಾರಿ ಬಿತ್ತು. ನನ್ನ ಆಸೆಗಣ್ಣು ಅವರಿಗೆ ಕಂಡಿರಬೇಕು.

“ಬನ್ನಿ, ಹಿಡಿದು ನೋಡಿ. ಬಾಯಿ ಒಳಗಡೆ ಇದೆ, ಹುಷಾರು.”

ಮುಂದಕ್ಕೆ ಬಾಗಿದ ಅಗಲವಾದ ಅಲಗು, ಒಳಬಾಗಿನ ಕಡೆಗೇ ಬಾಯಿ. ಭಾರವೆಲ್ಲ ಮುಂದಿದೆ, ಬೀಸಿದರೆ ಕತ್ತಿಯೇ ಕೈಯನ್ನು ಎಳೆದುಕೊಂಡು ಹೋಗುತ್ತದೆ. ಹಿಂದೆ ಸೊಂಟಕ್ಕೆ ಕಟ್ಟಿದ ಹಿತ್ತಾಳೆಯ ತೋಡಂಗಿಗೆ ಅದನ್ನು ಒರೆಯಿಲ್ಲದೆ ಸಿಕ್ಕಿಸುತ್ತಾರೆ. ಕಾಡಿನ ದಾರಿಯಲ್ಲಿ ಬಳ್ಳಿ, ಬಿದಿರು ಸವರಲು ಇದಕ್ಕಿಂತ ಒಪ್ಪುವ ಆಕಾರ ನಾನು ಕಂಡಿಲ್ಲ. ತಾತನ ಕಾಲದ್ದು ಎಂದರು ಅವರು. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೊರತೆಗೆದು ಪೂಜೆ ಮಾಡುತ್ತಾರಂತೆ, ಎಣ್ಣೆ ಮಾತ್ರ ತಿಂಗಳು ತಿಂಗಳು ತಪ್ಪಿಸುವುದಿಲ್ಲವಂತೆ. ಆ ಅಲಗು ಆರೋಗ್ಯವಾಗಿತ್ತು.

ಹಾಗೆ ಆರೋಗ್ಯವಾಗಿರುವ ಕತ್ತಿಗಳು ನಮ್ಮ ನಾಡಿನ ಮನೆಗಳಲ್ಲಿ ಕಡಿಮೆಯಾಗುತ್ತಿವೆ. ಪಟೇಲರ, ಶಾನುಭೋಗರ, ದೇಸಾಯರ ಮನೆಗಳ ಅಟ್ಟದಲ್ಲಿ, ಗರಡಿಮನೆಗಳಲ್ಲಿ, ದೇವರ ಗುಡಿಗಳಲ್ಲಿ ಹಳೆಯ ಅಲಗುಗಳು ಇನ್ನೂ ಇವೆ. ಆಯುಧಪೂಜೆ ಹತ್ತಿರ ಬಂದಂತೆ ಮನೆಯ ಹುಡುಗರು ಅವನ್ನು ಇಳಿಸಿ, ಹುಣಸೆಹಣ್ಣು ತಿಕ್ಕಿ, ಉಪ್ಪುಕಾಗದ ಹಾಕಿ ಫಳಫಳ ಮಾಡುತ್ತಾರೆ. ಭಕ್ತಿ ದೊಡ್ಡದು. ಆದರೆ ಆ ನಾರಿನ ಚಿತ್ತಾರ ಇರುವುದು ಅಲಗಿನ ಮೇಲ್ಮೈಯಲ್ಲಿ. ಉಪ್ಪುಕಾಗದ ಅದನ್ನು ಒಂದೇ ಮಧ್ಯಾಹ್ನದಲ್ಲಿ ಕಣ್ಮರೆ ಮಾಡುತ್ತದೆ, ಜೊತೆಗೆ ಚಿನ್ನದ ನೀರಿನ ಬರಹವಿದ್ದರೆ ಅದೂ ಹೋಗುತ್ತದೆ. ಕಮ್ಮಾರನ ಮುದ್ರೆಯೂ ಸವೆಯುತ್ತದೆ.

ನಿಮ್ಮ ಮನೆಯಲ್ಲೋ ನಂಟರ ಮನೆಯಲ್ಲೋ ಅಂಥದ್ದೊಂದು ಇದ್ದರೆ ದಯವಿಟ್ಟು ಇಷ್ಟು ಮಾಡಿ. ಉಪ್ಪುಕಾಗದ, ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಬೇಡಿ. ಮೆತ್ತನೆಯ ಹಳೇ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನು ತೆಳ್ಳಗೆ ಸವರಿ. ಬರಿಗೈಯಿಂದ ಅಲಗು ಮುಟ್ಟಿದರೆ ಬೆವರಿನ ಉಪ್ಪಿಗೆ ತುಕ್ಕು ಹಿಡಿಯುತ್ತದೆ, ಒರೆಸಿಯೇ ಇಡಿ. ತೊಗಲಿನ ಒರೆಯೊಳಗೆ ತೇವ ನಿಲ್ಲುತ್ತದೆ, ಕತ್ತಿಯನ್ನೂ ಒರೆಯನ್ನೂ ಬೇರೆ ಬೇರೆಯಾಗಿ ಇಡಿ. ಪೂಜೆಯ ಅರಿಸಿನ ಕುಂಕುಮ ಹಿಡಿಗೆ ಇಟ್ಟರೆ ಸಾಕು, ಮಾರನೆಯ ದಿನ ಒರೆಸಿ ಎಣ್ಣೆ ಹಚ್ಚಿ. ಹಿಡಿಯ ಹತ್ತಿರ ಅಕ್ಷರವೋ ಗುರುತೋ ಇದ್ದರೆ ಓರೆ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಅಜ್ಜ ಅಜ್ಜಿ ಇದ್ದರೆ ಈ ಕತ್ತಿ ಮನೆಗೆ ಹೇಗೆ ಬಂತೆಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದಿಡಿ. ಗುಜರಿಗೆ ಮಾತ್ರ ಹಾಕಬೇಡಿ.